ಒಂದೇ ದೂರ, ಮೂರು ಬಾಗಿಲು

ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ನಿಂತರೆ ಕೋರ್ಟಿನ ಕೆಲಸಕ್ಕೆ ಬಂದವರನ್ನು, ಹೊರಟವರನ್ನು ಗುರುತಿಸುವುದು ಕಷ್ಟವಲ್ಲ. ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಹಳೆಯ ಕಾಗದದ ಕಟ್ಟು, ಮುಖದಲ್ಲಿ ಇವತ್ತಾದರೂ ಕೇಸು ಮುಂದೆ ಹೋಗುತ್ತದೋ ಇಲ್ಲವೋ ಎಂಬ ಯೋಚನೆ. ಒಂದು ಬಸ್ಸು ಬಿ.ಸಿ. ರೋಡ್, ಮಾಣಿ ದಾಟಿ ಪುತ್ತೂರಿಗೆ ಹೋಗುತ್ತದೆ. ಇನ್ನೊಂದು ಮೂಲ್ಕಿ, ಪಡುಬಿದ್ರಿ, ಕಾಪು ಮೇಲಿಂದ ಉಡುಪಿಗೆ. ಮೂರನೆಯದು ತಲಪಾಡಿ ಗಡಿ ದಾಟಿ ಕಾಸರಗೋಡಿಗೆ. ಮೂರೂ ಊರು ಮಂಗಳೂರಿನಿಂದ ಹೆಚ್ಚುಕಡಿಮೆ 50ರಿಂದ 60 ಕಿಲೋಮೀಟರ್. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರಬಹುದಾದ ಊರುಗಳು.

ಈಗ ಒಂದು ಪ್ರಶ್ನೆ. ಈ ಮೂರು ಊರುಗಳಲ್ಲಿ ಯಾವುದೋ ಒಂದರಲ್ಲಿ ನಿಮ್ಮ ಮೇಲೆ ಸಿವಿಲ್ ಕೇಸು ನಡೆಯುತ್ತಿದೆ, ಅದನ್ನು ಮಂಗಳೂರಿಗೆ ತರಿಸಿಕೊಳ್ಳಬೇಕು ಎಂದಿಟ್ಟುಕೊಳ್ಳಿ. ಯಾರನ್ನು ಕೇಳಬೇಕು? ಕೇಸು ಪುತ್ತೂರಿನಲ್ಲಿದ್ದರೆ ಮಂಗಳೂರಿನಲ್ಲೇ ಕೂತಿರುವ ಪ್ರಧಾನ ಜಿಲ್ಲಾ ನ್ಯಾಯಾಧೀಶರನ್ನು ಕೇಳಿದರೆ ಸಾಕು. ಉಡುಪಿಯಲ್ಲಿದ್ದರೆ ಬೆಂಗಳೂರಿನ ಹೈಕೋರ್ಟಿಗೆ ಹೋಗಬೇಕು. ಕಾಸರಗೋಡಿನಲ್ಲಿದ್ದರೆ ದೆಹಲಿಯ ಸುಪ್ರೀಂ ಕೋರ್ಟಿನ ಬಾಗಿಲನ್ನೇ ತಟ್ಟಬೇಕು. ದೂರ ಒಂದೇ, ಬಾಗಿಲು ಮೂರು. ಇದು ಏಕೆ ಹೀಗೆ ಎಂಬುದು ಅರ್ಥವಾದರೆ ಕೇಸಿನ ವರ್ಗಾವಣೆಯ ಅರ್ಧ ಪಾಠ ಮುಗಿದಂತೆ. ಕಾನೂನು ಕಾಲೇಜಿಗೆ ಹೊಸದಾಗಿ ಸೇರಿದವರನ್ನೂ, ಮೊದಲ ಬಾರಿ ಕೋರ್ಟಿನ ಮೆಟ್ಟಿಲು ಹತ್ತಿದವರನ್ನೂ ಮನಸ್ಸಿನಲ್ಲಿಟ್ಟುಕೊಂಡು ನಿಧಾನವಾಗಿ ಹೇಳುತ್ತೇನೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ‘ಕೇಸು ಮೇಲಿನ ಕೋರ್ಟಿಗೆ ಹೋಗಿದೆ’ ಎಂದು ನಮ್ಮ ಜನ ಮೂರು ಬೇರೆ ಬೇರೆ ಸಂಗತಿಗಳಿಗೆ ಹೇಳುತ್ತಾರೆ. ಕೆಳಗಿನ ಕೋರ್ಟು ತೀರ್ಪು ಕೊಟ್ಟಿದೆ, ಅದು ಸರಿಯಿಲ್ಲವೆಂದು ಮೇಲೆ ಹೋದರೆ ಅದು ಮೇಲ್ಮನವಿ, ಅಂದರೆ ಅಪೀಲು. ಕೆಳಗಿನ ಕೋರ್ಟಿಗೆ ಆ ದಾವೆಯನ್ನು ವಿಚಾರಣೆ ಮಾಡುವ ಅಧಿಕಾರವೇ ಇಲ್ಲವೆಂದು ಕಂಡುಬಂದು, ‘ಸರಿಯಾದ ಕೋರ್ಟಿನಲ್ಲಿ ಹಾಕಿಕೊಳ್ಳಿ’ ಎಂದು ದಾವಾಪತ್ರವನ್ನೇ ಕೈಗೆ ಕೊಟ್ಟರೆ ಅದು ವಾಪಸಾತಿ. ಆಗ ಹೊಸ ಕೋರ್ಟಿನಲ್ಲಿ ಸಾಮಾನ್ಯವಾಗಿ ಮೊದಲಿನಿಂದ ಶುರುಮಾಡಬೇಕು. ತೀರ್ಪು ಇನ್ನೂ ಬಂದಿಲ್ಲ, ಕೇಸು ನಡೆಯುತ್ತಿದೆ, ಹಾಗಿರುವಾಗಲೇ ಅದನ್ನು ಇದ್ದ ಸ್ಥಿತಿಯಲ್ಲಿ ಎತ್ತಿ ಇನ್ನೊಂದು ಕೋರ್ಟಿಗೆ ಕೊಟ್ಟರೆ ಅದು ವರ್ಗಾವಣೆ. ನಮ್ಮ ವಿಷಯ ಈ ಮೂರನೆಯದು. ಇದರ ಕಾನೂನು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 22ರಿಂದ 25ರವರೆಗಿನ ಕಲಂಗಳಲ್ಲಿದೆ. ವಕೀಲರ ಬಾಯಲ್ಲಿ ಅದು ಸಿ.ಪಿ.ಸಿ.

ಇನ್ನು ಕೋರ್ಟುಗಳ ಏಣಿ. ನಮ್ಮ ರಾಜ್ಯದ ಜಿಲ್ಲೆಗಳಲ್ಲಿ ಸಿವಿಲ್ ಕೋರ್ಟುಗಳನ್ನು 1964ರ ಕರ್ನಾಟಕ ಸಿವಿಲ್ ನ್ಯಾಯಾಲಯಗಳ ಕಾಯ್ದೆ ಏರ್ಪಡಿಸಿದೆ. ಕೆಳಗಿನ ಮೆಟ್ಟಿಲಲ್ಲಿ ಸಿವಿಲ್ ಜಡ್ಜ್. ಹಿರಿಯರು ಈಗಲೂ ‘ಮುನ್ಸಿಫ್ ಕೋರ್ಟು’ ಎನ್ನುವುದು ಇದನ್ನೇ. ಅದರ ಮೇಲೆ ಹಿರಿಯ ಸಿವಿಲ್ ನ್ಯಾಯಾಧೀಶರು. ಅವರ ಮೇಲೆ ಜಿಲ್ಲಾ ನ್ಯಾಯಾಲಯ. ಅದರ ಮೇಲೆ ಹೈಕೋರ್ಟು, ಕೊನೆಗೆ ಸುಪ್ರೀಂ ಕೋರ್ಟು. ಸಿವಿಲ್ ಜಡ್ಜ್ ಕೋರ್ಟು ಒಂದು ಮೊತ್ತದವರೆಗಿನ ದಾವೆಗಳನ್ನು ಮಾತ್ರ ನಡೆಸಬಹುದು. ಆ ಮೊತ್ತ ಕಾಲಕಾಲಕ್ಕೆ ತಿದ್ದುಪಡಿಯಾಗುತ್ತಾ ಬಂದಿದೆ. ದಾವೆ ಹಾಕುವಾಗ ಅಧಿಕಾರವಿರುವ ಕೋರ್ಟುಗಳಲ್ಲಿ ಅತಿ ಕೆಳಗಿನದರಲ್ಲೇ ಹಾಕಬೇಕೆಂದು ಸಂಹಿತೆಯ 15ನೇ ಕಲಂ ಹೇಳುತ್ತದೆ.

ಹಾಗಾದರೆ ಕೆಳಗಿನ ಕೋರ್ಟಿನ ದಾವೆ ಮೇಲಿನ ಕೋರ್ಟಿಗೆ ಹೋಗುವುದು ಹೇಗೆ? ವಿದ್ಯಾರ್ಥಿಗಳು ಇಲ್ಲಿ ಪ್ರತಿ ವರ್ಷ ಎಡವುತ್ತಾರೆ. 15ನೇ ಕಲಂ ದಾವೆ ಹಾಕುವವನಿಗೆ ಹೇಳಿದ ಮಾತು. ಮೇಲಿನ ಕೋರ್ಟಿಗೆ ಸಣ್ಣ ದಾವೆ ನಡೆಸುವ ಶಕ್ತಿ ಇಲ್ಲವೆಂದು ಅದರ ಅರ್ಥವಲ್ಲ. ದೊಡ್ಡ ಪಾತ್ರೆಯಲ್ಲಿ ಒಂದು ಸೇರು ಅಕ್ಕಿ ಬೇಯಿಸಬಹುದು, ಸಣ್ಣ ಪಾತ್ರೆಯಲ್ಲಿ ಹತ್ತು ಸೇರು ಬೇಯಿಸಲಾಗದು. ಹಾಗೆಯೇ ಎರಡು ಲಕ್ಷದ ದಾವೆಯನ್ನು ಸಿವಿಲ್ ಜಡ್ಜ್ ಕೋರ್ಟಿನಿಂದ ತೆಗೆದು ಹಿರಿಯ ಸಿವಿಲ್ ನ್ಯಾಯಾಧೀಶರಿಗೆ ಕೊಡಬಹುದು. ಕೋಟಿ ರೂಪಾಯಿಯ ದಾವೆಯನ್ನು ಸಿವಿಲ್ ಜಡ್ಜ್ ಕೋರ್ಟಿಗೆ ಇಳಿಸಲಾಗದು. ಕೇಸು ಪಡೆಯುವ ಕೋರ್ಟಿಗೆ ಅದನ್ನು ನಡೆಸುವ ಅಧಿಕಾರ ಇರಲೇಬೇಕೆಂದು 24ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ.

ಒಂದು ಉದಾಹರಣೆಯ ಕುಟುಂಬವನ್ನು ಕಲ್ಪಿಸಿಕೊಳ್ಳಿ. ಅಪ್ಪ ತೀರಿಕೊಂಡಿದ್ದಾರೆ. ಪುತ್ತೂರು ತಾಲೂಕಿನಲ್ಲಿ ಎರಡೂವರೆ ಎಕರೆ ಅಡಿಕೆ ತೋಟ, ಮಂಗಳೂರಿನ ಬಿಜೈಯಲ್ಲಿ ಒಂದು ಮನೆ. ಅಕ್ಕ ತೋಟದ ಮನೆಯಲ್ಲಿದ್ದಾಳೆ, ತಮ್ಮ ಬಿಜೈಯಲ್ಲಿ. ತಮ್ಮ ಮಂಗಳೂರಿನ ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟಿನಲ್ಲಿ ತೋಟ ಮತ್ತು ಮನೆ ಎರಡನ್ನೂ ಸೇರಿಸಿ ಪಾಲಿನ ದಾವೆ ಹಾಕಿದ. ಆಸ್ತಿ ಬೇರೆ ಬೇರೆ ಕೋರ್ಟುಗಳ ವ್ಯಾಪ್ತಿಯಲ್ಲಿ ಹರಡಿದ್ದರೆ ಯಾವುದಾದರೂ ಒಂದರಲ್ಲಿ ಹಾಕಬಹುದೆಂದು 17ನೇ ಕಲಂ ಇರುವುದರಿಂದ ಅದು ಸರಿಯೇ. ಅಷ್ಟರಲ್ಲಿ ಅಕ್ಕ, ‘ತಮ್ಮನ ಕಡೆಯವರು ತೋಟಕ್ಕೆ ನುಗ್ಗಿ ಅಡಿಕೆ ಕೊಯ್ಯಬಾರದು’ ಎಂದು ಪುತ್ತೂರಿನ ಸಿವಿಲ್ ಜಡ್ಜ್ ಕೋರ್ಟಿನಲ್ಲಿ ತಡೆಯಾಜ್ಞೆಯ ದಾವೆ ಹಾಕಿದಳು. ಈಗ ನೋಡಿ: ಅಪ್ಪ ಮಾಡಿಟ್ಟ ಕಾಗದಗಳು ಎರಡೂ ಕೋರ್ಟಿನಲ್ಲಿ ಬೇಕು. ಅದೇ ನೆರೆಮನೆಯವರು ಎರಡು ಕಡೆ ಸಾಕ್ಷಿ ಹೇಳಬೇಕು. ಎಲ್ಲಕ್ಕಿಂತ ದೊಡ್ಡ ಅಪಾಯವೆಂದರೆ, ತೋಟ ಅಕ್ಕನ ಸ್ವಾಧೀನದಲ್ಲಿದೆಯೆಂದು ಒಂದು ಕೋರ್ಟು, ಇಲ್ಲವೆಂದು ಇನ್ನೊಂದು ಕೋರ್ಟು ಹೇಳಬಹುದು. ಅಂಥ ಎರಡು ತೀರ್ಪು ಕೈಗೆ ಬಂದರೆ ಆ ಮನೆಯ ಜಗಳ ಇನ್ನೊಂದು ತಲೆಮಾರಿಗೆ ಮುಗಿಯುವುದಿಲ್ಲ.

ಇಂಥಲ್ಲಿ ವರ್ಗಾವಣೆಗೆ ನಿಜವಾದ ಬೆಲೆ ಇದೆ. ಪುತ್ತೂರು, ಮಂಗಳೂರು ಎರಡೂ ಕೋರ್ಟುಗಳು ದಕ್ಷಿಣ ಕನ್ನಡದ ಜಿಲ್ಲಾ ನ್ಯಾಯಾಲಯಕ್ಕೆ ಅಧೀನ. ಆದ್ದರಿಂದ ಜಿಲ್ಲಾ ನ್ಯಾಯಾಧೀಶರು 24ನೇ ಕಲಮಿನಡಿ ಪುತ್ತೂರಿನ ದಾವೆಯನ್ನು ತೆಗೆದು ಮಂಗಳೂರಿನ ಹಿರಿಯ ಸಿವಿಲ್ ನ್ಯಾಯಾಧೀಶರಿಗೆ ಕೊಟ್ಟು, ಎರಡನ್ನೂ ಒಟ್ಟಿಗೆ ನಡೆಸುವಂತೆ ಮಾಡಬಹುದು. ದಾವೆ ಮಾತ್ರವಲ್ಲ, ಅಪೀಲು, ಡಿಕ್ರಿ ಜಾರಿಯ ಅರ್ಜಿ, ಇನ್ನಿತರ ನಡವಳಿಗಳಿಗೂ ಈ ಅಧಿಕಾರ ಅನ್ವಯಿಸುತ್ತದೆ. ಕೇಸು ಯಾವ ಹಂತದಲ್ಲಿದ್ದರೂ ಕೇಳಬಹುದು.

ಅದೇ ಕುಟುಂಬದಲ್ಲಿ ಅಪ್ಪ ಬರೆದಿಟ್ಟ ವೀಲುನಾಮೆ ಒಂದು ಹೊರಬಂತು, ಅದಕ್ಕೆ ಪ್ರೊಬೇಟ್, ಅಂದರೆ ವೀಲು ನಿಜವೆಂಬ ಕೋರ್ಟಿನ ದೃಢೀಕರಣ, ಕೇಳಿ ತಮ್ಮ ಜಿಲ್ಲಾ ನ್ಯಾಯಾಲಯಕ್ಕೆ ಹೋದ, ಅಕ್ಕ ಅದು ಸುಳ್ಳು ವೀಲು ಎಂದು ತಕರಾರು ಹಾಕಿದಳು ಎನ್ನಿ. ಪಾಲಿನ ದಾವೆಯ ಹಣೆಬರಹ ಆ ವೀಲಿನ ಮೇಲೆ ನಿಂತಿದೆ. ಆಗ ಜಿಲ್ಲಾ ನ್ಯಾಯಾಲಯ ಪಾಲಿನ ದಾವೆಯನ್ನು ತಾನೇ ಎಳೆದುಕೊಂಡು ಎರಡನ್ನೂ ತಾನೇ ತೀರ್ಮಾನಿಸಬಹುದು. ಕೆಳಗಿನ ಕೋರ್ಟಿನಿಂದ ಮೇಲಿನ ಕೋರ್ಟಿಗೆ ಕೇಸು ಏರುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗದು. ಆದರೆ ಕಕ್ಷಿದಾರರಿಗೆ ಇಲ್ಲಿ ಒಂದು ಮಾತು ಮೊದಲೇ ಹೇಳಬೇಕು. ಜಿಲ್ಲಾ ನ್ಯಾಯಾಲಯವೇ ವಿಚಾರಣೆ ನಡೆಸಿದರೆ ಮೊದಲ ಅಪೀಲು ನೇರವಾಗಿ ಹೈಕೋರ್ಟಿಗೆ ಹೋಗುತ್ತದೆ. ಅಂದರೆ ಸೋತವರು ಬೆಂಗಳೂರಿಗೆ ಹೋಗಬೇಕು. ಮಂಗಳೂರಿನ ವಕೀಲರು ಹೈಕೋರ್ಟಿನ ಪೀಠ ಇಲ್ಲಿಗೂ ಬೇಕೆಂದು ಬಹುಕಾಲದಿಂದ ಕೇಳುತ್ತಿರುವುದರ ಹಿಂದೆ ಈ ಪ್ರಯಾಣದ ಹೊರೆ ಇದೆ. ಧಾರವಾಡ, ಕಲಬುರಗಿಯಲ್ಲಿ ಪೀಠಗಳಿವೆ, ಕರಾವಳಿಯವರು ಮಾತ್ರ ಘಟ್ಟ ಹತ್ತಲೇಬೇಕು. ಆ ಬೇಡಿಕೆ ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ.

ಯಾವ ಕಾರಣಕ್ಕೆ ಕೇಳಬಹುದು? ಒಂದೇ ವಿಷಯದ ಎರಡು ಕೇಸುಗಳನ್ನು ಒಟ್ಟುಗೂಡಿಸುವುದು ಎಲ್ಲಕ್ಕಿಂತ ಗಟ್ಟಿ ಕಾರಣ. ವೃದ್ಧಾಪ್ಯ, ಕಾಯಿಲೆ, ಎಳೆಯ ಮಗು, ಆದಾಯವಿಲ್ಲದ ಹೆಂಗಸು ಒಬ್ಬಳೇ ದೂರ ಪ್ರಯಾಣ ಮಾಡಬೇಕಾದ ಕಷ್ಟ, ಇವೂ ಕಾರಣಗಳೇ. ಮದುವೆಗೆ ಸಂಬಂಧಿಸಿದ ಕೇಸುಗಳಲ್ಲಿ ಹೆಂಡತಿಯ ಅನುಕೂಲಕ್ಕೆ ಕೋರ್ಟುಗಳು ಹೆಚ್ಚು ತೂಕ ಕೊಡುತ್ತಾ ಬಂದಿವೆ. ನ್ಯಾಯಾಧೀಶರು ಹಿಂದೆ ವಕೀಲರಾಗಿದ್ದಾಗ ಅದೇ ಕೇಸಿನಲ್ಲಿ ಒಂದು ಕಡೆಗೆ ಹಾಜರಾಗಿದ್ದರೆ ಅದೂ ಕಾರಣ. ಅಂಥ ಸಂದರ್ಭದಲ್ಲಿ ನ್ಯಾಯಾಧೀಶರೇ ಜಿಲ್ಲಾ ನ್ಯಾಯಾಧೀಶರಿಗೆ ಬರೆದು ಕೇಸನ್ನು ಬೇರೆಡೆಗೆ ಕಳಿಸುವಂತೆ ಕೇಳುವುದುಂಟು. ಯಾರೂ ಅರ್ಜಿ ಹಾಕದಿದ್ದರೂ ಸ್ವಂತವಾಗಿ ವರ್ಗಾಯಿಸುವ ಅಧಿಕಾರ ಜಿಲ್ಲಾ ನ್ಯಾಯಾಲಯಕ್ಕೂ ಹೈಕೋರ್ಟಿಗೂ ಇದೆ.

ಯಾವುದು ಕಾರಣವಾಗದು ಎಂಬುದನ್ನು ಇನ್ನೂ ಒತ್ತಿ ಹೇಳಬೇಕು. ‘ಜಡ್ಜ್ ನನ್ನ ಅರ್ಜಿ ವಜಾ ಮಾಡಿದರು, ಇನ್ನು ಅವರಿಂದ ನ್ಯಾಯ ಸಿಗದು’ ಎಂದು ಬರುವವರು ಬಹಳ. ವಿರುದ್ಧವಾಗಿ ಬಂದ ಆದೇಶಕ್ಕೆ ಅಪೀಲು ಅಥವಾ ರಿಟ್ ಅರ್ಜಿ ಎಂಬ ದಾರಿ ಇದೆ. ಅದನ್ನು ಪಕ್ಷಪಾತವೆಂದು ಕರೆದು ವರ್ಗಾವಣೆ ಕೇಳುವುದು ತಪ್ಪು. ಪಕ್ಷಪಾತದ ಭಯವಿದ್ದರೆ ಅದಕ್ಕೆ ಯಾವ ವಿವೇಕಿಗೂ ಒಪ್ಪಿಗೆಯಾಗುವ ಆಧಾರ ಬೇಕು. ಆಧಾರವಿಲ್ಲದೆ ನ್ಯಾಯಾಧೀಶರ ಮೇಲೆ ಆರೋಪ ಹೊರಿಸಿದರೆ ನ್ಯಾಯಾಂಗ ನಿಂದನೆಯ ದಾರಿಯೂ ತೆರೆದುಕೊಳ್ಳಬಹುದು. ಇನ್ನು ಬರೀ ಅನುಕೂಲದ ಮಾತು. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಕೇಸು ಒಯ್ಯುವ ವಿಷಯದಲ್ಲಿ ಸುಪ್ರೀಂ ಕೋರ್ಟು ನಮ್ಮ ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ಮತ್ತು ಡಾ. ಸುಬ್ರಮಣ್ಯನ್ ಸ್ವಾಮಿಯವರ ನಡುವಿನ ಪ್ರಕರಣದಲ್ಲಿ ಇದನ್ನು ವಿವರಿಸಿದೆ. ಕಕ್ಷಿದಾರರ ಅನುಕೂಲವೊಂದೇ ಸಾಲದು, ನ್ಯಾಯದ ಅಗತ್ಯವೇ ಮುಖ್ಯ ಎಂಬುದು ಅದರ ಸಾರ. ದಾವೆ ಎಲ್ಲಿ ಹಾಕಬೇಕೆಂದು ಆರಿಸಿಕೊಳ್ಳುವ ಹಕ್ಕು ಮೂಲತಃ ವಾದಿಯದು. ಅದನ್ನು ಕದಲಿಸಬೇಕಾದರೆ ಕದಲಿಸುವಷ್ಟು ತೂಕದ ಕಾರಣ ಇರಬೇಕು.

ಪ್ರತಿವಾದಿಗಳಿಗೆ ಒಂದು ಎಚ್ಚರಿಕೆ. ವಾದಿಗೆ ಎರಡು ಮೂರು ಕೋರ್ಟುಗಳ ಪೈಕಿ ಎಲ್ಲಿ ಬೇಕಾದರೂ ಹಾಕುವ ಅವಕಾಶವಿದ್ದು, ನಿಮಗೆ ಇನ್ನೊಂದು ಕೋರ್ಟು ಬೇಕೆಂದು 22ನೇ ಕಲಮಿನಡಿ ಕೇಳುವುದಿದ್ದರೆ, ಆದಷ್ಟು ಬೇಗ, ವಿವಾದಾಂಶಗಳನ್ನು ರೂಪಿಸುವ ಹೊತ್ತಿಗೆ ಅಥವಾ ಅದಕ್ಕೂ ಮುಂಚೆ ಕೇಳಬೇಕು. ಸಾಕ್ಷಿಯ ಹಂತಕ್ಕೆ ಬಂದ ಮೇಲೆ ಆ ಬಾಗಿಲು ಮುಚ್ಚಿರುತ್ತದೆ.

ಈಗ ಒಂದು ಅರ್ಜಿಯನ್ನು ಹತ್ತಿರದಿಂದ ನೋಡೋಣ. ಮೇಲ್ಭಾಗದಲ್ಲಿ ಯಾವ ಕೋರ್ಟಿನ ಮುಂದೆ ಎಂಬುದು, ನಂತರ ಅರ್ಜಿದಾರರು, ಎದುರುದಾರರು. ಆಮೇಲೆ ಕೇಸಿನ ಓ.ಎಸ್. (ಮೂಲ ದಾವೆ) ನಂಬರು, ಅದು ಯಾವ ಕೋರ್ಟಿನಲ್ಲಿದೆ, ಯಾವ ಹಂತದಲ್ಲಿದೆ, ಮುಂದಿನ ವಾಯಿದೆ ಯಾವಾಗ ಎಂಬ ವಿವರ. ಎರಡು ಕೇಸುಗಳಿದ್ದರೆ ಎರಡರ ವಿವರವೂ ಬೇಕು. ನಂತರ ಕಾರಣ. ‘ನನಗೆ ತೊಂದರೆಯಾಗುತ್ತದೆ’ ಎಂದು ಬರೆದರೆ ಸಾಲದು. ಯಾರಿಗೆ, ಎಷ್ಟು ವಯಸ್ಸು, ಯಾವ ಕಾಯಿಲೆ, ಮನೆಯಿಂದ ಕೋರ್ಟಿಗೆ ಎಷ್ಟು ದೂರ, ಎಷ್ಟು ಬಸ್ಸು ಬದಲಾಯಿಸಬೇಕು ಎಂದು ಬರೆಯಬೇಕು. ವೈದ್ಯರ ಸರ್ಟಿಫಿಕೇಟು, ದಾವಾಪತ್ರ, ಪ್ರತಿವಾದಪತ್ರ, ಆರ್ಡರ್ ಶೀಟಿನ ದೃಢೀಕೃತ ನಕಲು ಜೊತೆಗಿರಲಿ. ಕೊನೆಗೆ ಕೋರಿಕೆ: ಯಾವ ಕೋರ್ಟಿನಿಂದ ತೆಗೆದು ಯಾವ ಕೋರ್ಟಿಗೆ ಕೊಡಬೇಕು ಎಂಬುದು ಅಕ್ಷರಶಃ ಸ್ಪಷ್ಟವಾಗಿರಬೇಕು. ಇದಕ್ಕೆ ಅಫಿಡವಿಟ್ಟು, ವಕಾಲತ್ತು ಸೇರಿಸಿ ಸಲ್ಲಿಸುತ್ತಾರೆ. ಎದುರುದಾರರಿಗೆ ನೋಟಿಸು ಹೋಗುತ್ತದೆ, ಅವರ ಮಾತನ್ನೂ ಕೇಳಿದ ಮೇಲೆ ಆದೇಶ. ಜಿಲ್ಲಾ ನ್ಯಾಯಾಲಯಕ್ಕೆ ಹೋಗುವ ಅರ್ಜಿಯ ರೂಪವೂ ಹೈಕೋರ್ಟಿಗೆ ಹೋಗುವ ಸಿವಿಲ್ ಪಿಟಿಷನ್‌ನ ರೂಪವೂ ಬಹುಮಟ್ಟಿಗೆ ಹೀಗೆಯೇ.

ತುಂಬಾ ಜನ ಮರೆಯುವುದು ಒಂದುಂಟು. ವರ್ಗಾವಣೆ ಅರ್ಜಿ ಹಾಕಿದ ಮಾತ್ರಕ್ಕೆ ಮೂಲ ಕೇಸು ನಿಲ್ಲುವುದಿಲ್ಲ. ಅದಕ್ಕೆ ಬೇರೆಯಾಗಿ ತಡೆ ಕೇಳಿ ಪಡೆಯಬೇಕು. ‘ಅರ್ಜಿ ಹಾಕಿದ್ದೇವಲ್ಲ’ ಎಂದು ಪುತ್ತೂರಿನ ವಾಯಿದೆಗೆ ಹೋಗದೆ ಕೂತರೆ ಅಲ್ಲಿ ಏಕಪಕ್ಷೀಯ ಆದೇಶ ಆಗಿಬಿಡಬಹುದು. ಆದೇಶ ಕೈಗೆ ಬರುವ ತನಕ ಹಳೆಯ ಕೋರ್ಟಿನ ಪ್ರತಿಯೊಂದು ವಾಯಿದೆಗೂ ಹಾಜರಿರಲೇಬೇಕು.

ವರ್ಗಾವಣೆ ಮಂಜೂರಾಯಿತು. ಆಗ ಹಳೆಯ ಕೋರ್ಟಿನ ಕಚೇರಿಯಲ್ಲಿ ನಿಮ್ಮ ಕಟ್ಟನ್ನು ಬಿಚ್ಚಿ ಪುಟಗಳನ್ನು ಎಣಿಸುತ್ತಾರೆ. ದಾವಾಪತ್ರ, ಪ್ರತಿವಾದಪತ್ರ, ನಿಶಾನೆ ಪಿ-1, ಪಿ-2 ಎಂದು ಗುರುತಿಸಿದ ಮೂಲ ಪತ್ರಗಳು, ಸಾಕ್ಷಿಗಳ ಹೇಳಿಕೆ, ಆರ್ಡರ್ ಶೀಟು, ಎಲ್ಲವೂ ಪಟ್ಟಿಯಾಗಿ, ಮುಚ್ಚಿ, ಹೊಸ ಕೋರ್ಟಿಗೆ ಹೋಗುತ್ತವೆ. ಅಜ್ಜನ ಕಾಲದ ಮೂಲಗೇಣಿ ಪತ್ರವೋ, ಮಾಸಿದ ಪಾಲುಪಟ್ಟಿಯೋ ಆ ಕಟ್ಟಿನೊಳಗೆ ಇರಬಹುದು. ಹೊಸ ಕೋರ್ಟಿನಲ್ಲಿ ಅದು ಸುರಕ್ಷಿತವಾಗಿ ತಲುಪಿದೆಯೇ ಎಂದು ನಿಮ್ಮ ವಕೀಲರ ಮೂಲಕ ಖಾತ್ರಿ ಮಾಡಿಕೊಳ್ಳಿ. ಅಲ್ಲಿ ಕೇಸಿಗೆ ಹೊಸ ನಂಬರು ಬರುತ್ತದೆ. ಹಳೆಯ ನಂಬರಿನಲ್ಲಿ ಹುಡುಕಿ ‘ಕೇಸು ಮುಗಿದಿದೆ’ ಎಂದು ಗಾಬರಿಯಾಗುವವರುಂಟು. ಯಾವ ದಿನ ಹಾಜರಾಗಬೇಕೆಂದು ವರ್ಗಾವಣೆಯ ಆದೇಶದಲ್ಲೇ ಬರೆದಿದ್ದರೆ ಮತ್ತೆ ನೋಟಿಸಿಗಾಗಿ ಕಾಯಬೇಡಿ. ಹೊಸ ನ್ಯಾಯಾಧೀಶರು ಕೇಸನ್ನು ಮೊದಲಿನಿಂದ ನಡೆಸಬಹುದು ಅಥವಾ ನಿಂತಲ್ಲಿಂದ ಮುಂದುವರಿಸಬಹುದು, ವರ್ಗಾವಣೆಯ ಆದೇಶದಲ್ಲಿ ಬೇರೆ ಸೂಚನೆ ಇಲ್ಲದಿದ್ದರೆ ಆ ಆಯ್ಕೆ ಅವರದು.

ಇಷ್ಟು ತಿಳಿದ ಮೇಲೆ ಉಡುಪಿಯ ಬಸ್ಸು ಹತ್ತೋಣ. ಉಡುಪಿ 1997ರಲ್ಲಿ ಬೇರೆ ಜಿಲ್ಲೆಯಾಯಿತು. ಅಲ್ಲಿನ ಕೋರ್ಟುಗಳು ಉಡುಪಿಯ ಜಿಲ್ಲಾ ನ್ಯಾಯಾಧೀಶರಿಗೆ ಅಧೀನ, ಇಲ್ಲಿನವು ಇಲ್ಲಿನವರಿಗೆ. ಒಬ್ಬರಿಗೆ ಇನ್ನೊಬ್ಬರ ಕೋರ್ಟಿನಿಂದ ಕೇಸು ತರುವ ಅಧಿಕಾರವಿಲ್ಲ. ಇಬ್ಬರ ಮೇಲೂ ಇರುವವರು ಯಾರು ಎಂದು ನೋಡಿದರೆ ಹೈಕೋರ್ಟು. ಆದ್ದರಿಂದ ಬೆಂಗಳೂರು. ಪ್ರಶ್ನೆ ಯಾವಾಗಲೂ ಇದೇ: ಎರಡೂ ಕೋರ್ಟುಗಳ ತಲೆಯ ಮೇಲೆ ಒಟ್ಟಿಗೆ ಕೈಯಿಟ್ಟಿರುವ ಹತ್ತಿರದ ಹಿರಿಯ ಕೋರ್ಟು ಯಾವುದು?

ಕಾಸರಗೋಡಿನ ಮಾತು ಬಂದಾಗ ನನಗೆ ಮನಸ್ಸು ಭಾರವಾಗುತ್ತದೆ. 1956ರ ನವೆಂಬರ್ 1ಕ್ಕೆ ಮುಂಚೆ ಪುತ್ತೂರು, ಉಡುಪಿ, ಕಾಸರಗೋಡು ಮೂರೂ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ಜಿಲ್ಲಾ ಕೋರ್ಟು ಮಂಗಳೂರಿನಲ್ಲಿ, ಹೈಕೋರ್ಟು ಮದ್ರಾಸಿನಲ್ಲಿ. ರಾಜ್ಯಗಳ ಪುನರ್ವಿಂಗಡಣೆಯ ದಿನ ಜಿಲ್ಲೆಯ ಬಹುಭಾಗ ಮೈಸೂರು ರಾಜ್ಯಕ್ಕೆ ಬಂತು, ಕಾಸರಗೋಡು ಕೇರಳಕ್ಕೆ ಹೋಯಿತು. ಮದ್ರಾಸ್ ಹೈಕೋರ್ಟಿನಲ್ಲಿ ಬಾಕಿಯಿದ್ದ ಈ ಭಾಗದ ಕೇಸುಗಳನ್ನು ಹೊಸ ರಾಜ್ಯಗಳ ಹೈಕೋರ್ಟುಗಳಿಗೆ ಕಳಿಸಲು ರಾಜ್ಯಗಳ ಪುನರ್ವಿಂಗಡಣೆಯ ಕಾಯ್ದೆಯಲ್ಲೇ ಏರ್ಪಾಡಿತ್ತು. ಜನರ ನೆಂಟಸ್ತಿಕೆ, ಆಸ್ತಿ, ಭಾಷೆ ಮಾತ್ರ ಗಡಿಯ ಎರಡೂ ಕಡೆ ಹಾಗೇ ಉಳಿಯಿತು. ಇಂದಿಗೂ ಕುಂಬಳೆಯ ಹುಡುಗಿಯನ್ನು ಮಂಗಳೂರಿಗೆ ಕೊಡುತ್ತಾರೆ, ಉಳ್ಳಾಲದ ಹುಡುಗಿ ಮಂಜೇಶ್ವರಕ್ಕೆ ಸೊಸೆಯಾಗಿ ಹೋಗುತ್ತಾಳೆ. ಸಂಬಂಧ ಕೆಟ್ಟು ಗಂಡ ಕಾಸರಗೋಡಿನಲ್ಲಿ ಕೇಸು ಹಾಕಿದರೆ, ತವರಿಗೆ ಮರಳಿದ ಹೆಂಡತಿ ಅದನ್ನು ಮಂಗಳೂರಿಗೆ ತರಿಸಿಕೊಳ್ಳಲು ದೆಹಲಿಗೆ ಅರ್ಜಿ ಹಾಕಬೇಕು.

ಇದಕ್ಕೆ ಕಾರಣ 25ನೇ ಕಲಂ. ಹಿಂದೆ ಕೆಲವು ಸಂದರ್ಭಗಳಲ್ಲಿ ರಾಜ್ಯದಿಂದ ರಾಜ್ಯಕ್ಕೆ ಕೇಸು ಕಳಿಸುವ ಅಧಿಕಾರ ಈ ಕಲಮಿನಡಿ ರಾಜ್ಯ ಸರ್ಕಾರಕ್ಕಿತ್ತು. 1976ರ ತಿದ್ದುಪಡಿ ಅದನ್ನು ಸುಪ್ರೀಂ ಕೋರ್ಟಿಗೆ ಕೊಟ್ಟಿತು. ಅರ್ಜಿಯನ್ನು ಯಾವ ಕೋರ್ಟಿಗೆ ಹಾಕಬೇಕೆಂದು ಹೇಳುವ 23ನೇ ಕಲಮಿನ ಮಾತುಗಳನ್ನು ಹಿಡಿದು ಕೆಲವು ಹೈಕೋರ್ಟುಗಳು ತಾವೇ ಹೊರರಾಜ್ಯಕ್ಕೆ ವರ್ಗಾಯಿಸುತ್ತಿದ್ದವು. 2008ರಲ್ಲಿ ದುರ್ಗೇಶ್ ಶರ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಆ ಅಧಿಕಾರ ತನ್ನದು ಮಾತ್ರ ಎಂದು ತೀರ್ಮಾನಿಸಿತು. ಎರಡು ಸಂಗತಿ ಕಕ್ಷಿದಾರರಿಗೆ ತಿಳಿದಿರಲಿ. ಹುರುಳಿಲ್ಲದ ಅರ್ಜಿ ಹಾಕಿದರೆ ಎದುರುದಾರರಿಗೆ 2,000 ರೂಪಾಯಿವರೆಗೆ ಪರಿಹಾರ ಕೊಡಿಸುವ ಅವಕಾಶ ಆ ಕಲಮಿನಲ್ಲೇ ಇದೆ. ಮತ್ತು ಕೇಸು ಊರು ಬದಲಿಸಿದರೂ ಕಾನೂನು ಬದಲಾಗುವುದಿಲ್ಲ. ಕಾಸರಗೋಡಿನ ಕೋರ್ಟು ಯಾವ ಕಾನೂನನ್ನು ಅನ್ವಯಿಸಬೇಕಿತ್ತೋ ಅದನ್ನೇ ಮಂಗಳೂರಿನ ಕೋರ್ಟು ಅನ್ವಯಿಸಬೇಕು.

ಒಂದೂವರೆ ಗಂಟೆಯ ಬಸ್ಸಿನ ದೂರಕ್ಕೆ ದೇಶದ ಅತ್ಯುನ್ನತ ಕೋರ್ಟಿಗೆ ಹೋಗಬೇಕೆನ್ನುವುದು ಗಡಿನಾಡಿನವರ ಮೇಲೆ ಅತಿಯಾದ ಭಾರ. ಅಕ್ಕಪಕ್ಕದ ಜಿಲ್ಲೆಗಳ ಮಟ್ಟಿಗಾದರೂ ಎರಡು ಹೈಕೋರ್ಟುಗಳು ಕೂಡಿ ತೀರ್ಮಾನಿಸುವ ಸುಲಭ ದಾರಿಯನ್ನು ಸಂಸತ್ತು ಮಾಡಿಕೊಡಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಅಲ್ಲಿಯವರೆಗೆ, ದೆಹಲಿ ಎಂಬ ಹೆಸರು ಕೇಳಿಯೇ ಹೆದರಿ ಕೈಬಿಡಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ನೆರವು ಸಿಗುತ್ತದೆ. ಸುಪ್ರೀಂ ಕೋರ್ಟಿನಲ್ಲಿ ಅದಕ್ಕೆಂದೇ ಕಾನೂನು ಸೇವೆಗಳ ಸಮಿತಿ ಇದೆ. ನೀವು ಮೊದಲು ಹೋಗಬೇಕಾದದ್ದು ಮಂಗಳೂರಿನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಗೆ. ದಾವಾಪತ್ರದ ಪ್ರತಿ, ನಿಮಗೆ ಬಂದ ಸಮನ್ಸು, ಗುರುತಿನ ಚೀಟಿ ಹಿಡಿದುಕೊಂಡು, ಮುಂದಿನ ವಾಯಿದೆಗೆ ಸಾಕಷ್ಟು ದಿನ ಇರುವಾಗಲೇ ಹೋಗಿ.